ಮೊಟ್ಟೆ ಕೂತ ನೆಲವೇ ಸಾಕ್ಷಿ: ನರ್ಮದಾ ಕಣಿವೆಯ ಡೈನೋಸಾರ್ ಗೂಡುಗಳು ಏನು ಹೇಳುತ್ತಿವೆ?

2023ರ ಜನವರಿಯಲ್ಲಿ ‘ಪ್ಲೋಸ್ ಒನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಬಂತು. ನರ್ಮದಾ ಕಣಿವೆಗೆ ಸೇರಿದ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಬಾಗ್ ಮತ್ತು ಕುಕ್ಷಿ ಊರುಗಳ ಸುತ್ತಮುತ್ತ, 92 ಡೈನೋಸಾರ್ ಗೂಡುಗಳು ಸಿಕ್ಕಿವೆ, ಅವುಗಳಲ್ಲಿ ಒಟ್ಟು 256 ಮೊಟ್ಟೆಗಳಿವೆ ಎಂದು ಅದು ಹೇಳಿತು. ಟಿವಿ, ಪತ್ರಿಕೆಗಳಲ್ಲಿ ಈ ಎರಡು ಸಂಖ್ಯೆಗಳು ಜೋರಾಗಿ ಸದ್ದು ಮಾಡಿದವು. ಆಮೇಲೆ ಸುದ್ದಿ ತಣ್ಣಗಾಯಿತು. ಸಂಖ್ಯೆಯ ಹಿಂದೆ ಇದ್ದ ಪ್ರಶ್ನೆಗಳು ಮಾತ್ರ ಜನರಿಗೆ ಅಷ್ಟಾಗಿ ತಲುಪಲಿಲ್ಲ. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಒಂದು ಪ್ರಾಣಿ ಎಲ್ಲಿ ಗೂಡು ಮಾಡುತ್ತಿತ್ತು? ಹೇಗೆ ಮೊಟ್ಟೆ ಇಡುತ್ತಿತ್ತು? ಇಟ್ಟ ಮೇಲೆ ಕಾಯುತ್ತಿತ್ತೋ, ಬಿಟ್ಟು ಹೋಗುತ್ತಿತ್ತೋ? ಇಷ್ಟನ್ನೂ ಆ ಲೇಖನ ಬರೀ ನೆಲ ನೋಡಿ ಓದಲು ಹೊರಟಿತ್ತು.

ಲೇಖಕರಲ್ಲಿ ಮೊದಲ ಹೆಸರು ಹರ್ಷಾ ಧೀಮಾನ್ ಅವರದು. ದೆಹಲಿ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಪ್ರೊ. ಗುಂಟುಪಲ್ಲಿ ಪ್ರಸಾದ್ ಅವರ ಜೊತೆ ಪಿಎಚ್‌.ಡಿ. ಹಂತದಲ್ಲಿ ನಡೆಸಿದ ದುಡಿಮೆ ಇದು. 2017ರಿಂದ 2020ರವರೆಗೆ ಫೀಲ್ಡ್ ಕೆಲಸ ನಡೆಯಿತು. ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ವಿಶಾಲ್ ವರ್ಮಾ. ಅವರು ಅದೇ ಧಾರ್ ಜಿಲ್ಲೆಯ ಬಾಕಾನೇರ್ ಊರಿನ ಹೈಯರ್ ಸೆಕೆಂಡರಿ ಶಾಲೆಯ ಮೇಷ್ಟ್ರು. ಆ ಭಾಗದ ಹೊಲ, ಗುಡ್ಡ, ಹಳ್ಳಗಳನ್ನು ವರ್ಷಗಟ್ಟಲೆ ಸುತ್ತಿ ಪಳೆಯುಳಿಕೆ ಹುಡುಕಿದವರು. ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಒಬ್ಬರು ಹಳ್ಳಿಗಾಡಿನ ಮೇಷ್ಟ್ರು, ಜೊತೆಗೆ ಹಿರಿಯ ಭೂವಿಜ್ಞಾನಿಗಳು. ನಮ್ಮ ದೇಶದಲ್ಲಿ ಒಳ್ಳೆಯ ವಿಜ್ಞಾನ ಹುಟ್ಟುವುದು ಬಹಳ ಸಲ ಹೀಗೇ.

ಸತ್ತು ಕಲ್ಲಾದ ಜೀವಿಗಳ ಬದುಕನ್ನು, ಅವುಗಳ ಸುತ್ತಲಿನ ಪರಿಸರವನ್ನು ತಿಳಿಯುವ ಈ ಓದಿಗೆ ಪೇಲಿಯೋಇಕಾಲಜಿ ಎನ್ನುತ್ತಾರೆ. ಇಲ್ಲಿ ಒಂದು ಮೂಳೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾವ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿ, ಯಾವ ಭಂಗಿಯಲ್ಲಿ ಬಿದ್ದಿತ್ತು ಎಂಬುದಕ್ಕೆ ಬೆಲೆ ಜಾಸ್ತಿ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಅದನ್ನೇ. ಪಳೆಯುಳಿಕೆಯನ್ನು ಜಾಗದಿಂದ ಕಿತ್ತ ಕ್ಷಣವೇ ಅದರ ಅರ್ಧ ಕಥೆ ಹೋಗುತ್ತದೆ. ನಮ್ಮ ಕಾನೂನು, ನಮ್ಮ ಸಂಶೋಧನಾ ವ್ಯವಸ್ಥೆ ಎರಡೂ ಇನ್ನೂ ಈ ಮಾತನ್ನು ಸರಿಯಾಗಿ ಮನಸ್ಸಿಗೆ ತಂದುಕೊಂಡಿಲ್ಲ.

ಮೂಳೆಯಿಂದ ಬದುಕಿನ ಕಡೆಗೆ

ಭಾರತದ ಡೈನೋಸಾರ್ ಕಥೆ ಬಹಳ ಹಳೆಯದು. 1828ರಲ್ಲಿ, ಡೈನೋಸಾರ್ ಎಂಬ ಹೆಸರೇ ಹುಟ್ಟುವ ಮೊದಲು, ಕ್ಯಾಪ್ಟನ್ ವಿಲಿಯಂ ಹೆನ್ರಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ಜಬಲ್ಪುರದ ಹತ್ತಿರ ದೊಡ್ಡ ಬೆನ್ನುಮೂಳೆಯ ತುಂಡುಗಳು ಸಿಕ್ಕವು. 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಆ ಪ್ರಾಣಿಗೆ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಇಂದು ಪ್ರಪಂಚದಾದ್ಯಂತ ‘ಟೈಟನೋಸಾರ್’ ಎಂದು ಕರೆಯುವ ಇಡೀ ಗುಂಪಿನ ಹೆಸರು ಬಂದದ್ದು ಇಲ್ಲಿಂದ. ಉದ್ದ ಕತ್ತು, ಉದ್ದ ಬಾಲ, ಕಂಬದಂಥ ಕಾಲುಗಳ ಸಸ್ಯಾಹಾರಿಗಳು ಇವು.

ಆ ಮೂಲ ಮೂಳೆಗಳ ಗತಿ ಏನಾಯಿತು ಗೊತ್ತಾ? ಅವು ಎಲ್ಲಿವೆ ಎಂಬುದೇ ಹಲವು ದಶಕ ತಿಳಿಯದೆ ಹೋಯಿತು. 2012ರಲ್ಲಿ ಕೋಲ್ಕತ್ತದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಯ ಸಂಗ್ರಹದಲ್ಲಿ ಸ್ಲೀಮನ್ ಸಂಗ್ರಹಿಸಿದ ಒಂದು ಮೂಳೆ ಮತ್ತೆ ಪತ್ತೆಯಾಯಿತು. ದೇಶದ ಮೊದಲ ಡೈನೋಸಾರ್ ಮೂಳೆ ನಮ್ಮದೇ ಕಪಾಟಿನಲ್ಲಿ ಕಳೆದುಹೋಗಿತ್ತು. ಇದು ದುಃಖದ ವಿಷಯ. ನಮ್ಮ ಸಂಗ್ರಹಾಲಯಗಳ ಸ್ಥಿತಿ ಏನು ಎಂದು ತಿಳಿಯಲು ಈ ಒಂದು ಉದಾಹರಣೆ ಸಾಕು.

ಮೊದಲ ನೂರೈವತ್ತು ವರ್ಷ ಕೆಲಸ ನಡೆದದ್ದು ಹೆಚ್ಚಾಗಿ ಹೀಗೆ: ಮೂಳೆ ಸಿಕ್ಕಿತು, ತೆಗೆದರು, ಹೆಸರಿಟ್ಟರು. ಅದು ಬೇಕಾದ ಕೆಲಸವೇ. 1980ರ ದಶಕದ ಆರಂಭದಲ್ಲಿ ಗುಜರಾತಿನ ಬಾಲಾಸಿನೋರ್ ಭಾಗದಲ್ಲಿ ಮೊಟ್ಟೆಗಳು ಸಿಗತೊಡಗಿದವು. ಆಗ ಕೇಳುವ ಪ್ರಶ್ನೆಗಳೇ ಬದಲಾದವು. ಮೂಳೆ ಒಂದು ಸಾವಿನ ಗುರುತು. ಗೂಡು ಹಾಗಲ್ಲ. ಅದು ಒಂದು ಪ್ರಾಣಿ ಬದುಕಿದ್ದಾಗ ಮಾಡಿದ ಕೆಲಸ, ಮಾಡಿದ ಜಾಗದಲ್ಲೇ ಉಳಿದುಬಿಟ್ಟದ್ದು.

ಆ ಕಾಲ, ಆ ನೆಲ

ಗೂಡುಗಳು ಸಿಕ್ಕಿರುವುದು ಲಮೇಟಾ ಎಂಬ ಬಂಡೆ ಪದರಗಳಲ್ಲಿ. ಜಬಲ್ಪುರದಿಂದ ಹಿಡಿದು ಪಶ್ಚಿಮದ ಬಾಲಾಸಿನೋರ್‌ವರೆಗೆ ಈ ಪದರಗಳು ಅಲ್ಲಲ್ಲಿ ತಲೆ ಎತ್ತಿವೆ. ಇವು ಕ್ರಿಟೇಷಿಯಸ್ ಯುಗದ ಕೊನೆಯ ಭಾಗದವು, ಅಂದರೆ ಡೈನೋಸಾರ್‌ಗಳು ಅಳಿದ 6.6 ಕೋಟಿ ವರ್ಷಗಳ ಗಡಿಗೆ ಸ್ವಲ್ಪವೇ ಹಿಂದಿನವು. ಭಾರತ ಆಗ ಏಷ್ಯಾಕ್ಕೆ ಅಂಟಿರಲಿಲ್ಲ. ಮಡಗಾಸ್ಕರ್‌ನಿಂದ ಬೇರ್ಪಟ್ಟು, ಸಮುದ್ರದ ನಡುವೆ ಉತ್ತರದ ಕಡೆಗೆ ಸರಿಯುತ್ತಿದ್ದ ದೊಡ್ಡ ತುಂಡು ನೆಲ ಅದು.

ಈ ಪದರಗಳ ಮೇಲೆ ಹಲವು ಕಡೆ ದಖ್ಖನ್‌ನ ಕಪ್ಪು ಲಾವಾ ಬಂಡೆಗಳು ಕೂತಿವೆ. ಗೂಡು ಮಾಡುತ್ತಿದ್ದ ಪ್ರಾಣಿಗಳ ಕಾಲ ಮುಗಿಯುತ್ತಾ ಬಂದಂತೆ ಲಾವಾ ಉಕ್ಕತೊಡಗಿತು. ಬೀದರ್, ಕಲಬುರಗಿ, ವಿಜಯಪುರದ ಎರೆ ಮಣ್ಣು ಅದೇ ಲಾವಾ ಬಂಡೆ ಸವೆದು ಆದದ್ದು. ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಕೆರೆ, ಹೊಂಡಗಳಲ್ಲಿ ಕೂತ ತೆಳು ಕೆಸರಿನ ಪದರಗಳೂ ಇವೆ. ಗುರುಮಠಕಲ್ ಕಡೆಯ ಅಂಥ ಪದರಗಳಲ್ಲಿ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿವೆ.

ಹಾಗಾದರೆ ಕರ್ನಾಟಕದಲ್ಲಿ ಡೈನೋಸಾರ್ ಗೂಡು ಯಾಕಿಲ್ಲ? ಡೈನೋಸಾರ್ ಇಲ್ಲಿ ಓಡಾಡಿರಲಿಲ್ಲ ಅಂತೇನೂ ಅಲ್ಲ. ನಮ್ಮ ರಾಜ್ಯದ ಹೆಚ್ಚಿನ ಬಂಡೆಗಳು ತೀರಾ ಹಳೆಯವು. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಡೈನೋಸಾರ್ ಕಾಲದಲ್ಲಿ ಕೆಸರು, ಮರಳು ಕೂತು ಗಟ್ಟಿಯಾದ ಪದರಗಳು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪದರ ಇಲ್ಲದಿದ್ದರೆ ಪಳೆಯುಳಿಕೆ ಎಲ್ಲಿಂದ ಬರಬೇಕು, ಅಲ್ವಾ? ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಡೈನೋಸಾರ್ ಕಾಲದವೇ. ಅವು ಮಡಗಾಸ್ಕರ್ ಬೇರ್ಪಟ್ಟ ಘಟನೆಗೆ ಸಂಬಂಧಿಸಿದವು. ಆದರೆ ಲಾವಾದಿಂದ ಆದ ಬಂಡೆಯಲ್ಲಿ ಗೂಡು ಹುಡುಕುವ ಹಾಗಿಲ್ಲ.

ಗೂಡನ್ನು ಓದುವುದು ಹೇಗೆ?

ಮೊಟ್ಟೆಗಳು ದುಂಡಗಿವೆ. ಅಡ್ಡಳತೆ 15ರಿಂದ 17 ಸೆಂಟಿಮೀಟರ್. ಉಷ್ಟ್ರಪಕ್ಷಿಯ ಮೊಟ್ಟೆಯ ಉದ್ದವೂ ಹೆಚ್ಚುಕಡಿಮೆ ಇಷ್ಟೇ. ಇಟ್ಟ ಪ್ರಾಣಿಯಾದ ಟೈಟನೋಸಾರ್ ಆದರೋ ಟನ್‌ಗಟ್ಟಲೆ ತೂಕದ್ದು. ಅಷ್ಟು ದೊಡ್ಡ ತಾಯಿಗೆ ಇಷ್ಟು ಚಿಕ್ಕ ಮೊಟ್ಟೆ ಯಾಕೆ? ಮೊಟ್ಟೆ ದೊಡ್ಡದಾದಷ್ಟೂ ಒಳಗಿನ ಭಾರ ತಡೆಯಲು ಚಿಪ್ಪು ದಪ್ಪ ಆಗಬೇಕು. ಚಿಪ್ಪು ದಪ್ಪವಾದರೆ ಒಳಗಿನ ಮರಿಗೆ ಗಾಳಿ ಸಿಗುವುದು ಕಷ್ಟ, ಒಡೆದು ಹೊರಗೆ ಬರುವುದು ಇನ್ನೂ ಕಷ್ಟ. ಹಾಗಾಗಿ ಟೈಟನೋಸಾರ್‌ಗಳು ಒಂದು ದೊಡ್ಡ ಮೊಟ್ಟೆಯ ಬದಲು ಹಲವು ಚಿಕ್ಕ ಮೊಟ್ಟೆ ಇಡುವ ದಾರಿ ಹಿಡಿದಿದ್ದವು. ಹೆಚ್ಚು ಮರಿ ಹುಟ್ಟಲಿ, ಅದರಲ್ಲಿ ಕೆಲವಾದರೂ ಉಳಿಯಲಿ ಎಂಬ ದಾರಿ.

ತಂಡ ಮೊದಲು ಮಾಡಿದ ಕೆಲಸ ಪ್ರತಿ ಗೂಡನ್ನೂ ಇದ್ದ ಜಾಗದಲ್ಲೇ ಅಳೆದು, ನಕ್ಷೆ ಮಾಡಿ ದಾಖಲಿಸುವುದು. ಕೆಲವು ಗೂಡುಗಳಲ್ಲಿ ಮೊಟ್ಟೆಗಳು ವೃತ್ತಾಕಾರವಾಗಿ ಕೂತಿದ್ದವು, ಕೆಲವು ಕಡೆ ಸಾಲಾಗಿ, ಇನ್ನು ಕೆಲವು ಕಡೆ ಎರಡೂ ಬೆರೆತ ಹಾಗೆ. ಚಿಪ್ಪಿನ ಚೂರುಗಳನ್ನು ಲ್ಯಾಬ್‌ಗೆ ತಂದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಸಾಮಾನ್ಯವಾಗಿ 0.03 ಮಿಲಿಮೀಟರ್‌ವರೆಗೆ ತೆಳು ಮಾಡಬೇಕು. ಸ್ವಲ್ಪ ಜಾಸ್ತಿ ಉಜ್ಜಿದರೆ ಮಾದರಿಯೇ ಹೋಯಿತು. ಪಿಎಚ್‌.ಡಿ. ವಿದ್ಯಾರ್ಥಿಗಳ ಕಾಲದ ದೊಡ್ಡ ಪಾಲು ಹೋಗುವುದು ಇಂಥ ಕೆಲಸದಲ್ಲೇ.

ಚಿಪ್ಪಿನಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿರುತ್ತವೆ. ಬಯಲಿನಲ್ಲಿ ಮೊಟ್ಟೆ ಇಟ್ಟು ಕಾವು ಕೊಡುವ ಹಕ್ಕಿಗಳಲ್ಲಿ ಈ ರಂಧ್ರಗಳು ಕಡಿಮೆ. ಇಲ್ಲದಿದ್ದರೆ ಒಳಗಿನ ತೇವ ಒಣಗಿಹೋಗುತ್ತದೆ. ಮಣ್ಣಿನಲ್ಲಿ ಹೂತಿಡುವ ಪ್ರಾಣಿಗಳ ಮೊಟ್ಟೆಯಲ್ಲಿ ರಂಧ್ರ ಜಾಸ್ತಿ. ಮಣ್ಣಿನೊಳಗೆ ತೇವ ಹೇಗೂ ಇರುತ್ತದೆ, ಗಾಳಿ ಮಾತ್ರ ಕಷ್ಟ. ಟೈಟನೋಸಾರ್ ಮೊಟ್ಟೆಗಳ ಚಿಪ್ಪು ಈ ಎರಡನೆಯ ಬಗೆಯದು. ಹಾಗಾಗಿ ಅವು ಮೊಸಳೆಗಳ ಹಾಗೆ ಆಳವಿಲ್ಲದ ಗುಂಡಿ ತೋಡಿ, ಮೊಟ್ಟೆ ಇಟ್ಟು, ಮೇಲೆ ಮಣ್ಣು ಮುಚ್ಚುತ್ತಿದ್ದವು ಎಂಬ ತೀರ್ಮಾನಕ್ಕೆ ತಂಡ ಬಂತು. ಕಾವು ಕೊಟ್ಟದ್ದು ನೆಲದ ಬಿಸಿ.

ಮುಂದಿನ ಪ್ರಶ್ನೆ ತಾಯಿಯದು. ಕೆಲವು ಕಡೆ ಗೂಡುಗಳು ತೀರಾ ಒತ್ತೊತ್ತಾಗಿವೆ. ಅಷ್ಟು ದೊಡ್ಡ ಪ್ರಾಣಿ ಆ ಗೂಡುಗಳ ನಡುವೆ ಓಡಾಡಿದ್ದರೆ ಮೊಟ್ಟೆಗಳೆಲ್ಲ ಪುಡಿಯಾಗುತ್ತಿದ್ದವು. ಹಾಗಾಗಿ ಮೊಟ್ಟೆ ಇಟ್ಟ ಮೇಲೆ ತಾಯಿ ಅಲ್ಲಿ ನಿಲ್ಲುತ್ತಿರಲಿಲ್ಲ, ಮರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಹೋಗುತ್ತಿತ್ತು ಎಂದು ಸಂಶೋಧಕರು ಹೇಳುತ್ತಾರೆ. ಈ ತರ್ಕ ನನಗೆ ಒಪ್ಪಿಗೆಯಾಗುತ್ತದೆ. ಆದರೆ ಅದು ನಿಂತಿರುವುದು ಯಾವುದರ ಮೇಲೆ ನೋಡಿ: ಗೂಡು ಗೂಡಿನ ನಡುವಿನ ಅಂತರದ ಮೇಲೆ. ಯಾರೋ ಬಂದು ನಾಲ್ಕು ಮೊಟ್ಟೆ ಕಿತ್ತುಕೊಂಡು ಹೋಗಿದ್ದರೆ, ಅಲ್ಲೊಂದು ಗೂಡಿತ್ತು ಎಂಬುದೇ ಗೊತ್ತಾಗುತ್ತಿರಲಿಲ್ಲ.

ಮಣ್ಣು ಇನ್ನೂ ಒಂದು ವಿಷಯ ಹೇಳಿತು. ಕೆಲವು ಗೂಡುಗಳು ಕೆರೆ, ಹೊಂಡಗಳ ಅಂಚಿನ ಜೌಗು ನೆಲದಲ್ಲಿದ್ದವು. ನೀರು ಏರಿದಾಗ ಅಂಥ ಮೊಟ್ಟೆಗಳು ಮುಳುಗಿ, ಕೆಸರಿನಲ್ಲಿ ಸೇರಿ, ಮರಿಯಾಗದೆ ಉಳಿದವು. ದಂಡೆಯಿಂದ ದೂರ ಇದ್ದ ಗೂಡುಗಳಲ್ಲಿ ಮರಿ ಹೊರಬಂದಿರಬಹುದಾದ ಕಿಂಡಿಗಳು, ಒಡೆದ ಚಿಪ್ಪಿನ ಚೂರುಗಳು ಕಾಣುತ್ತವೆ. ಅಂದರೆ ಇಡಿಯಾಗಿ ಉಳಿದು ನಮ್ಮ ಕಣ್ಣಿಗೆ ಚಂದ ಕಾಣುವ ಮೊಟ್ಟೆಗಳಲ್ಲಿ ಹಲವು ಸೋತ ಮೊಟ್ಟೆಗಳು. ಗೆದ್ದ ಮೊಟ್ಟೆಯಿಂದ ಉಳಿಯುವುದು ಬರೀ ಚೂರು. ಇಡೀ ಮೊಟ್ಟೆಗಳನ್ನಷ್ಟೇ ಲೆಕ್ಕ ಹಾಕಿದರೆ ಆ ಪ್ರಾಣಿಗಳು ಎಷ್ಟು ಸಲ ಸೋತವು ಎಂಬ ಅಂದಾಜೇ ತಪ್ಪುತ್ತದೆ. ಯಾರೂ ಕಣ್ಣೆತ್ತಿ ನೋಡದ ಚಿಪ್ಪಿನ ಚೂರನ್ನೂ ಸಂಶೋಧಕರು ಬಿಡದೆ ದಾಖಲಿಸುವುದು ಇದಕ್ಕೇ.

ಮೊಟ್ಟೆಯೊಳಗೊಂದು ಮೊಟ್ಟೆ

ನನಗೆ ಈ ಇಡೀ ಸಂಶೋಧನೆಯಲ್ಲಿ ಎಲ್ಲಕ್ಕಿಂತ ರೋಚಕ ಅನಿಸಿದ್ದು 2022ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇದೇ ತಂಡ ಪ್ರಕಟಿಸಿದ ವಿಷಯ. ಬಾಗ್ ಹತ್ತಿರದ ಪಡ್ಲ್ಯಾ ಎಂಬ ಹಳ್ಳಿಯಲ್ಲಿ 10 ಮೊಟ್ಟೆಗಳ ಒಂದು ಗೂಡು ಸಿಕ್ಕಿತ್ತು. ಅದರಲ್ಲಿ ಒಂದು ಮೊಟ್ಟೆ ಬೇರೆ ಥರ ಇತ್ತು. ಒಂದು ಚಿಪ್ಪಿನೊಳಗೆ, ಸಾಕಷ್ಟು ಅಂತರ ಬಿಟ್ಟು, ಇನ್ನೊಂದು ದುಂಡಗಿನ ಚಿಪ್ಪು.

ಇದು ಯಾಕೆ ಮುಖ್ಯ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಡೈನೋಸಾರ್‌ಗಳಿಗೆ ಇಂದು ಬದುಕಿರುವ ಹತ್ತಿರದ ನೆಂಟರು ಇಬ್ಬರು: ಮೊಸಳೆ ಮತ್ತು ಹಕ್ಕಿ. ಹಕ್ಕಿಗಳಂತೂ ಡೈನೋಸಾರ್ ಕುಲದಿಂದಲೇ ಬಂದವು. ಮೊಸಳೆಯಲ್ಲೂ ಹಕ್ಕಿಯಲ್ಲೂ ಒಂದು ಗುಣ ಇದ್ದರೆ ಅದು ಡೈನೋಸಾರ್‌ಗಳಲ್ಲೂ ಇತ್ತು ಎಂದು ಧೈರ್ಯವಾಗಿ ಊಹಿಸಬಹುದು. ಇಬ್ಬರೂ ಬೇರೆ ಬೇರೆಯಾಗಿದ್ದರೆ ತೊಂದರೆ. ಆಗ ನೇರ ಸಾಕ್ಷಿ ಬೇಕು. ಮೊಟ್ಟೆ ಇಡುವ ರೀತಿಯಲ್ಲಿ ಇಬ್ಬರೂ ಬೇರೆ. ಮೊಸಳೆ ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ತಯಾರು ಮಾಡಿ ಒಂದೇ ಸಲ ಇಡುತ್ತದೆ. ಹಕ್ಕಿ ಒಂದಾದ ಮೇಲೆ ಒಂದು ಇಡುತ್ತದೆ. ಹಾಗಾದರೆ ಟೈಟನೋಸಾರ್?

ಈಗ ಕೋಳಿಯನ್ನು ನೋಡಿ. ಕೋಳಿಯ ಹೊಟ್ಟೆಯಲ್ಲಿ ಮೊಟ್ಟೆಯ ನಾಳ ಭಾಗ ಭಾಗವಾಗಿರುತ್ತದೆ. ಮೊದಲು ಹಳದಿ ಭಾಗ ಬರುತ್ತದೆ, ದಾರಿಯಲ್ಲಿ ಬಿಳಿ ಭಾಗ ಸೇರುತ್ತದೆ, ಆಮೇಲೆ ಪೊರೆ, ಕೊನೆಗೆ ಚಿಪ್ಪು. ಎಲ್ಲ ಮುಗಿಯಲು ಸುಮಾರು ಒಂದು ದಿನ ಬೇಕು. ಅಪರೂಪಕ್ಕೆ, ಚಿಪ್ಪು ಕಟ್ಟಿದ ಮೊಟ್ಟೆ ಹೊರಗೆ ಬರುವ ಬದಲು ಹಿಂದಕ್ಕೆ ಸರಿಯುತ್ತದೆ. ಹಿಂದಿನಿಂದ ಬರುತ್ತಿರುವ ಮುಂದಿನ ಮೊಟ್ಟೆಯ ಜೊತೆ ಸೇರಿಕೊಳ್ಳುತ್ತದೆ. ಎರಡರ ಸುತ್ತಲೂ ಹೊಸ ಚಿಪ್ಪು ಕಟ್ಟುತ್ತದೆ. ಮೊಟ್ಟೆಯೊಳಗೆ ಮೊಟ್ಟೆ ಆಗುವುದು ಹೀಗೆ. ನಾಟಿ ಕೋಳಿ ಸಾಕಿದ ಮನೆಗಳಲ್ಲಿ ಕೆಲವರಾದರೂ ಇದನ್ನು ನೋಡಿರುತ್ತಾರೆ.

ಆಮೆ, ಹಲ್ಲಿಗಳಲ್ಲಿ ಇನ್ನೊಂದು ತೊಂದರೆ ಆಗುತ್ತದೆ. ಮೊಟ್ಟೆ ಹೊರಗೆ ಬರಲು ತಡವಾದರೆ ಹಳೆಯ ಚಿಪ್ಪಿನ ಮೇಲೇ ಇನ್ನೊಂದು ಪದರ ಅಂಟಿಕೊಳ್ಳುತ್ತದೆ. ಅಲ್ಲಿ ಎರಡು ಚಿಪ್ಪಿನ ನಡುವೆ ಅಂತರ ಇರುವುದಿಲ್ಲ. ಇಂಥ ಅಂಟಿದ ಪದರಗಳ ಟೈಟನೋಸಾರ್ ಮೊಟ್ಟೆಗಳು ಮೊದಲೇ ಸಿಕ್ಕಿದ್ದವು. ಅದನ್ನು ನೋಡಿ ಟೈಟನೋಸಾರ್‌ನ ಮೊಟ್ಟೆ ನಾಳ ಆಮೆಯ ಥರದ್ದು ಎಂದು ಹಲವರು ತಿಳಿದಿದ್ದರು. ಪಡ್ಲ್ಯಾದ ಮೊಟ್ಟೆ ಆ ಊಹೆಯನ್ನು ಅಲುಗಾಡಿಸಿತು. ಎರಡು ಚಿಪ್ಪುಗಳ ನಡುವೆ ಅಷ್ಟು ಅಂತರ ಬೇಕೆಂದರೆ, ಮೊಟ್ಟೆ ನಾಳದಲ್ಲಿ ಹಕ್ಕಿಯಂತೆ ಬೇರೆ ಬೇರೆ ಭಾಗಗಳಿರಬೇಕು. ಬಹುಶಃ ಹಕ್ಕಿಯಂತೆ ಒಂದರ ಹಿಂದೆ ಒಂದು ಮೊಟ್ಟೆ ಇಡುವ ರೂಢಿಯೂ ಇದ್ದಿರಬೇಕು. ಲೇಖನದ ವಾದ ಇದು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಇದು ಒಂದೇ ಒಂದು ಮೊಟ್ಟೆ. ಒಂದು ಮೊಟ್ಟೆಯಿಂದ ಇಡೀ ಗುಂಪಿನ ಬಗ್ಗೆ ಕೊನೆಯ ಮಾತು ಹೇಳಲಾಗದು. ಮೊಟ್ಟೆ ನಾಳ ಭಾಗ ಭಾಗವಾಗಿತ್ತು ಎಂಬ ಮೊದಲ ಮಾತು ಗಟ್ಟಿ ಅನಿಸುತ್ತದೆ. ಮೊಸಳೆಯಲ್ಲೂ ಪೊರೆಗೆ, ಚಿಪ್ಪಿಗೆ ಬೇರೆ ಬೇರೆ ಭಾಗಗಳಿವೆಯಲ್ಲ, ಆ ಮಾತು ಅದಕ್ಕೂ ಹೊಂದುತ್ತದೆ. ಒಂದೊಂದಾಗಿ ಇಡುತ್ತಿತ್ತು ಎಂಬ ಎರಡನೆಯ ಮಾತು ಇನ್ನಷ್ಟು ಸಾಕ್ಷಿ ಕೇಳುತ್ತದೆ.

ಆದರೂ ಇದರಿಂದ ವಿಕಾಸದ ಬಗ್ಗೆ ಸಿಗುವ ಒಳನೋಟ ದೊಡ್ಡದು. ಹಕ್ಕಿಗಳು ಬಂದದ್ದು ಎರಡು ಕಾಲಿನಲ್ಲಿ ಓಡುವ ಥೆರೋಪಾಡ್ ಡೈನೋಸಾರ್‌ಗಳಿಂದ. ಟೈಟನೋಸಾರ್ ಆ ಸಾಲಿನಲ್ಲೇ ಇಲ್ಲ, ಅದು ಬೇರೆಯೇ ಕವಲು. ಹಕ್ಕಿಯಂಥ ಮೊಟ್ಟೆ ನಾಳ ಈ ಕವಲಿನಲ್ಲೂ ಇತ್ತು ಎಂದಾದರೆ, ಆ ಗುಣ ಎರಡೂ ಕವಲು ಒಡೆಯುವ ಮೊದಲೇ ಹುಟ್ಟಿರಬಹುದು. ಅಥವಾ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು. ಇನ್ನೊಂದು ಕಡೆ, ಇದೇ ಪ್ರಾಣಿ ಮೊಸಳೆಯ ಹಾಗೆ ಮೊಟ್ಟೆ ಹೂತು, ಬಿಟ್ಟು ಹೋಗುತ್ತಿತ್ತು. ಒಳಗೆ ಹಕ್ಕಿಯ ಥರ, ಹೊರಗೆ ಮೊಸಳೆಯ ಥರ. ಹಕ್ಕಿಯ ಗುಣಗಳೆಲ್ಲ ಒಂದೇ ಸಲ ಬಂದಿಲ್ಲ, ಬಿಡಿ ಬಿಡಿಯಾಗಿ, ಬೇರೆ ಬೇರೆ ಕಾಲದಲ್ಲಿ ಬಂದಿವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಕಾಣದು.

ಮೊಟ್ಟೆಗಳ ಬಗೆಗಳ ವಿಷಯಕ್ಕೂ ಒಂದು ವಿವರಣೆ ಬೇಕು. ಚಿಪ್ಪಿನ ರಚನೆ ನೋಡಿ 2023ರ ಲೇಖನ ಮೊಟ್ಟೆಗಳನ್ನು ಆರು ಬಗೆಯಾಗಿ ವಿಂಗಡಿಸಿತು. ಈ ಕಾಲದ ಭಾರತದ ಟೈಟನೋಸಾರ್ ಮೂಳೆಗಳಿಂದ ಗಟ್ಟಿಯಾಗಿ ಗುರುತಿಸಿರುವುದು ಐಸಿಸಾರಸ್, ಜೈನೋಸಾರಸ್‌ನಂಥ ಬೆರಳೆಣಿಕೆಯ ಬಗೆಗಳನ್ನಷ್ಟೇ. ಹಾಗಾಗಿ ಮೂಳೆ ತೋರಿಸಿದ್ದಕ್ಕಿಂತ ಹೆಚ್ಚು ಬಗೆಯ ಟೈಟನೋಸಾರ್‌ಗಳು ಇಲ್ಲಿದ್ದವು ಎಂದು ಲೇಖಕರು ಹೇಳುತ್ತಾರೆ. ಆದರೆ ಮೊಟ್ಟೆಯ ಬಗೆ ಬೇರೆ, ಪ್ರಾಣಿಯ ಬಗೆ ಬೇರೆ. ಮೊಟ್ಟೆಯೊಳಗೆ ಭ್ರೂಣದ ಮೂಳೆ ಸಿಕ್ಕಾಗ ಮಾತ್ರ ಇದು ಇಂಥದ್ದರ ಮೊಟ್ಟೆ ಎಂದು ಖಚಿತವಾಗಿ ಹೇಳಬಹುದು. ಅರ್ಜೆಂಟೀನಾದ ಔಕಾ ಮಹುಯೆವೊ ಎಂಬಲ್ಲಿ 1997ರಲ್ಲಿ ಅಂಥ ಭ್ರೂಣಗಳು ಸಿಕ್ಕವು. ಈ ಬಗೆಯ ಮೊಟ್ಟೆ ಟೈಟನೋಸಾರ್‌ಗಳದ್ದೇ ಎಂಬುದಕ್ಕೆ ಅದು ದೊಡ್ಡ ಆಧಾರವಾಯಿತು. ಧಾರ್‌ನ ಗೂಡುಗಳಲ್ಲಿ ಭ್ರೂಣ ಸಿಕ್ಕಿಲ್ಲ. ಆರು ಬಗೆಯ ಮೊಟ್ಟೆಯನ್ನು ಆರು ಬಗೆಯ ಡೈನೋಸಾರ್ ಎಂದು ಓದುವುದು ಆತುರ ಆಗುತ್ತದೆ.

ಗೂಡಿಗೆ ಬಂದ ಹಾವು, ಲದ್ದಿಯಲ್ಲಿ ಹುಲ್ಲು

ಜಾಗದ ಬೆಲೆ ಏನು ಎಂದು ಯಾರಾದರೂ ಕೇಳಿದರೆ ನಾನು ಧೋಲಿ ದುಂಗ್ರಿಯ ಕಥೆ ಹೇಳುತ್ತೇನೆ. 1980ರ ದಶಕದಲ್ಲಿ ಗುಜರಾತಿನ ಈ ಹಳ್ಳಿಯಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಒಂದು ಬಂಡೆಯ ತುಂಡು ಸಿಕ್ಕಿತು. ಮೊಟ್ಟೆಗಳಿದ್ದವು, ಸಣ್ಣ ಮೂಳೆಗಳಿದ್ದವು. ಮೂಳೆಗಳು ಡೈನೋಸಾರ್ ಮರಿಯವು ಎಂದು ಮೊದಲು ತಿಳಿದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದೇ ತುಂಡನ್ನು ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು ಹಾವಿನ ಬೆನ್ನುಮೂಳೆ. 2010ರಲ್ಲಿ ಪೂರ್ತಿ ವಿವರ ಹೊರಬಂತು. ಸುಮಾರು 3.5 ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯೊಂದನ್ನು ಸುತ್ತಿಕೊಂಡು ಮಲಗಿತ್ತು. ಪಕ್ಕದಲ್ಲೇ ಸುಮಾರು ಅರ್ಧ ಮೀಟರ್ ಉದ್ದದ ಟೈಟನೋಸಾರ್ ಮರಿಯ ಮೂಳೆಗಳು. ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಾಯಿತು.

ಈ ಹಾವಿಗೆ ಇಂದಿನ ಹೆಬ್ಬಾವಿನಷ್ಟು ದೊಡ್ಡದಾಗಿ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಇಡೀ ಮೊಟ್ಟೆ ನುಂಗಲಾರದು. ಆದರೆ ಆಗಷ್ಟೇ ಹೊರಬಂದ ಮರಿಯನ್ನು ತಿನ್ನಬಹುದಿತ್ತು. ಹಾಗಾಗಿ ಮರಿ ಬರುವ ಹೊತ್ತಿಗೆ ಗೂಡಿನ ಹತ್ತಿರ ಬರುತ್ತಿತ್ತು ಎಂದು ಸಂಶೋಧಕರು ಊಹಿಸಿದರು. ಆ ಕ್ಷಣದಲ್ಲೇ ಮರಳು ಬಂದು ಎಲ್ಲವನ್ನೂ ಮುಚ್ಚಿಬಿಟ್ಟಿತು. ಯಾರು ಯಾರನ್ನು ತಿನ್ನುತ್ತಿದ್ದರು ಎಂಬುದಕ್ಕೆ ಇಷ್ಟು ನೇರ ಸಾಕ್ಷಿ ಸಿಗುವುದು ತೀರಾ ಅಪರೂಪ. ಇದು ಸಿಕ್ಕದ್ದು ಬಂಡೆಯ ತುಂಡನ್ನು ಹಾಗೇ ಇಡಿಯಾಗಿ ಕಾಪಾಡಿದ್ದರಿಂದ. ಮೊಟ್ಟೆಯನ್ನಷ್ಟೇ ಬಿಡಿಸಿಕೊಂಡು ಉಳಿದದ್ದನ್ನು ಎಸೆದಿದ್ದರೆ ಹಾವೂ ಇಲ್ಲ, ಕಥೆಯೂ ಇಲ್ಲ.

ಇನ್ನೊಂದು ಉದಾಹರಣೆ ಕಲ್ಲಾದ ಲದ್ದಿ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಲದ್ದಿಯ ಪಳೆಯುಳಿಕೆಗಳಲ್ಲಿ ವಂದನಾ ಪ್ರಸಾದ್ ಮತ್ತು ಜೊತೆಗಾರರಿಗೆ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳು ಸಿಕ್ಕವು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಡೈನೋಸಾರ್ ಕಾಲದಲ್ಲಿ ಹುಲ್ಲು ಇನ್ನೂ ಬಗೆ ಬಗೆಯಾಗಿ ಹರಡಿರಲಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಭತ್ತದ ಬಳಗದ ಹಳೆಯ ನೆಂಟರು ಆಗಲೇ ಭಾರತದಲ್ಲಿ ಬೆಳೆಯುತ್ತಿದ್ದರು. ಇದೆಲ್ಲ ಗೊತ್ತಾದದ್ದು ಮ್ಯೂಸಿಯಂನಲ್ಲಿ ಯಾರೂ ನಿಂತು ನೋಡದ ಒಂದು ಲದ್ದಿ ಉಂಡೆಯಿಂದ.

ಕಾನೂನು ಎಲ್ಲಿ ನಿಂತಿದೆ?

ಇಷ್ಟೆಲ್ಲ ಇದ್ದರೂ ಪಳೆಯುಳಿಕೆಗಳನ್ನು ಕಾಯಲೆಂದೇ ನಮ್ಮಲ್ಲಿ ಒಂದು ರಾಷ್ಟ್ರೀಯ ಕಾನೂನು ಇಲ್ಲದೆ ದಶಕಗಳು ಕಳೆದವು. ಕೆಲವು ತಾಣಗಳಿಗೆ ರಕ್ಷಣೆ ಇದೆ. ಗುಜರಾತಿನ ರೈಯೋಲಿಯಲ್ಲಿ ಪಾರ್ಕ್ ಇದೆ, 2019ರಲ್ಲಿ ಅಲ್ಲಿ ಮ್ಯೂಸಿಯಂ ಕೂಡ ತೆರೆಯಿತು. ಬಾಗ್‌ನಲ್ಲಿ ಡೈನೋಸಾರ್ ಪಳೆಯುಳಿಕೆ ರಾಷ್ಟ್ರೀಯ ಉದ್ಯಾನ ಇದೆ. ಆದರೆ ಗೂಡುಗಳು ಬೇಲಿಯ ಒಳಗೆ ಮಾತ್ರ ಇಲ್ಲ. ಹೊಲದಲ್ಲಿವೆ, ರಸ್ತೆ ಬದಿಯಲ್ಲಿವೆ, ಹಳ್ಳದ ದಂಡೆಯಲ್ಲಿವೆ. ಒಂದು ಜೆಸಿಬಿ ಅರ್ಧ ಗಂಟೆಯಲ್ಲಿ ಮಾಡುವ ಹಾನಿಯನ್ನು ಯಾರೂ ಸರಿ ಮಾಡಲಾರರು.

2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗಣಿ ಸಚಿವಾಲಯ ಪಳೆಯುಳಿಕೆ, ಅಪರೂಪದ ಬಂಡೆಗಳಿರುವಂಥ ‘ಭೂಪರಂಪರೆ’ಯ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರತಂದು ಜನರ ಅಭಿಪ್ರಾಯ ಕೇಳಿತು. ಇಂಥದ್ದೊಂದು ಬೇಕೇ ಬೇಕಿತ್ತು. ಆದರೆ ಅಧಿಕಾರವೆಲ್ಲ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೈಯಲ್ಲೇ ಸೇರುವ ಹಾಗಿದೆ, ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಜಾಗಕ್ಕೆ ಹೋಗುವುದೇ ಕಷ್ಟವಾಗಬಹುದು ಎಂದು ಹಲವು ವಿಜ್ಞಾನಿಗಳು ಆತಂಕ ಹೇಳಿದರು. ಅವರ ಆತಂಕ ನನಗೆ ನ್ಯಾಯವಾಗಿ ಕಾಣುತ್ತದೆ. ಧಾರ್‌ನ ಗೂಡುಗಳನ್ನು ಹುಡುಕಿದವರಲ್ಲಿ ಒಬ್ಬರು ಶಾಲಾ ಮೇಷ್ಟ್ರು. ಅಂಥವರಿಗೆ ಬಾಗಿಲು ಹಾಕುವ ಕಾನೂನು ಬಂದರೆ ತಾಣ ಉಳಿಯಬಹುದು, ಅದನ್ನು ಓದುವವರು ಉಳಿಯುವುದಿಲ್ಲ. ನನ್ನ ಮಟ್ಟಿಗೆ ಕಾನೂನಿನಲ್ಲಿ ಎರಡು ಮಾತು ಸ್ಪಷ್ಟವಾಗಿ ಇರಬೇಕು. ಕಿತ್ತು ಮಾರುವುದು, ಅಗೆದು ಹಾಳು ಮಾಡುವುದು ಅಪರಾಧ. ಅಳೆಯುವುದು, ದಾಖಲಿಸುವುದು, ಅನುಮತಿ ಪಡೆದು ಮಾದರಿ ತೆಗೆಯುವುದು ಸಂಶೋಧಕರ ಹಕ್ಕು, ಆ ಅನುಮತಿ ಗೊತ್ತಾದ ಅವಧಿಯೊಳಗೆ ಸಿಗಬೇಕು.

ಹಣದ ಮಾತೂ ಇದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆ ‘ನೆಟ್’ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದೂ ಎಷ್ಟೋ ಸಲ ತಡವಾಗಿ ಬರುತ್ತದೆ ಎಂದು ಸಂಶೋಧನಾ ವಿದ್ಯಾರ್ಥಿಗಳು ಮತ್ತೆ ಮತ್ತೆ ದೂರುತ್ತಲೇ ಇದ್ದಾರೆ. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುವವರಿಗೆ ಸಿಗುವ ಫೆಲೋಶಿಪ್ 8,000 ರೂಪಾಯಿ ಎಂದು ನಿಗದಿಯಾದದ್ದು 2012ರಲ್ಲಿ. ಫೀಲ್ಡ್‌ಗೆ ಹೋಗಿ ಬರುವ ಖರ್ಚು, ಲ್ಯಾಬ್ ಖರ್ಚು ಬೇರೆ. ಮೈಸೂರು ಅಥವಾ ಧಾರವಾಡದಲ್ಲಿ ಭೂವಿಜ್ಞಾನ ಓದಿದ ಒಬ್ಬ ಹುಡುಗಿ ಇಂಥ ವಿಷಯ ಹಿಡಿಯಬೇಕು ಎಂದರೆ, ಆಸಕ್ತಿಗಿಂತ ಮೊದಲು ಅವಳು ನೋಡಬೇಕಾಗುವುದು ಈ ಲೆಕ್ಕ. ಇಷ್ಟೊಂದು ಗೂಡುಗಳ ನಕ್ಷೆ ಮಾಡುವಂಥ ಕೆಲಸ ಸುಮ್ನೆ ಎರಡು ವಾರದ ಪ್ರವಾಸದಲ್ಲಿ ಆಗುವುದಿಲ್ಲ. ಅದಕ್ಕೆ ವರ್ಷಗಳ ತಾಳ್ಮೆ ಬೇಕು. ಆ ತಾಳ್ಮೆ ಇರುವುದು ಪಿಎಚ್‌.ಡಿ. ಮಾಡುವವರಲ್ಲಿ.

ಮುಂದೆ ಬರುವ ವಿದ್ಯಾರ್ಥಿಗಳಿಗೆ ಕೆಲಸ ಬೇಕಾದಷ್ಟಿದೆ. ಧಾರ್‌ನ ಗೂಡುಗಳು ಒಂದೇ ಋತುವಿನಲ್ಲಿ ಒಟ್ಟಿಗೆ ಮಾಡಿದವೋ, ಅಥವಾ ನೂರಾರು ವರ್ಷಗಳಲ್ಲಿ ಬೇರೆ ಬೇರೆ ತಲೆಮಾರುಗಳು ಅದೇ ಜಾಗಕ್ಕೆ ಮರಳಿ ಬಂದು ಮಾಡಿದವೋ? ಒತ್ತೊತ್ತಾದ ಗೂಡುಗಳನ್ನು ನೋಡಿ ಹಿಂಡು ಹಿಂಡಾಗಿ ಮೊಟ್ಟೆ ಇಡುತ್ತಿದ್ದವು ಎಂದು ಹೇಳುವುದು ಸುಲಭ. ಆದರೆ ಎರಡು ಗೂಡುಗಳ ನಡುವೆ ಒಂದು ಬೆರಳಿನಷ್ಟು ದಪ್ಪದ ಬೇರೆ ಮಣ್ಣಿನ ಪದರ ಇದ್ದರೂ ಉತ್ತರ ಬದಲಾಗುತ್ತದೆ. ತಾಯಿ ಕಾಯುತ್ತಿರಲಿಲ್ಲ ಎಂಬ ವಾದವನ್ನೂ ಆಗ ಮತ್ತೆ ತೂಗಿ ನೋಡಬೇಕಾಗುತ್ತದೆ. ಇದನ್ನು ತಿಳಿಯಲು ಗೂಡುಗಳನ್ನು ಅಲುಗಾಡಿಸದೆ, ಅಕ್ಕಪಕ್ಕದ ಮಣ್ಣಿನ ಪದರಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ದಾಖಲಿಸಬೇಕು. ಇಡಿಯಾಗಿ ಉಳಿದ ಮೊಟ್ಟೆಗಳನ್ನು ಒಡೆಯದೆ ಸಿಟಿ ಸ್ಕ್ಯಾನ್ ಮಾಡಿ ಭ್ರೂಣದ ಮೂಳೆ ಇದೆಯೇ ಎಂದು ನೋಡಬೇಕು. ಮೊಟ್ಟೆಯೊಳಗಿನ ಮೊಟ್ಟೆ ಇನ್ನೊಂದಾದರೂ ಸಿಗುತ್ತದೆಯೇ ಎಂದು ಹುಡುಕಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಕಾಯಬೇಕಾಗಿಲ್ಲ. ಗೂಡುಗಳು ಅಲ್ಲೇ ಇದ್ದರೆ ನಾಳೆಯೇ ಶುರು ಮಾಡಬಹುದು.